ಎಂಟೂವರೆ ಅಡಿ ಮನೆ, ರೌನೊನ ಹೂಂ

ಕಥೆ ಹೇಳುವುದು ಒಬ್ಬನ ಕೈಲಿ ಆಗುವ ಕೆಲಸ ಅಂತ ತುಂಬಾ ಜನ ತಿಳಿದಿದ್ದಾರೆ. ಅವರು ಯಾರೂ ಕಥೆ ಹೇಳಿದವರಲ್ಲ. ಒಬ್ಬ ಹೇಳುತ್ತಿದ್ದರೆ ಇನ್ನೊಬ್ಬ ಪಕ್ಕದಲ್ಲಿ ಕೂತು ಹೂಂ ಅನ್ನಬೇಕು. ಆ ಹೂಂ ಬಿದ್ದರೆ ಕಥೆ ಎದ್ದು ನಿಲ್ಲುತ್ತದೆ, ಬೀಳದಿದ್ದರೆ ಸುಳ್ಳಾಗಿ ಮಕಾಡೆ ಮಲಗುತ್ತದೆ. ಮಿನೆಸೋಟದ ಈ ಉತ್ತರದ ಮೂಲೆಯಲ್ಲಿ, ಮಿಟನ್ ಕೆರೆಯ ಸುತ್ತಮುತ್ತ, ಮೂವತ್ತು ಚಳಿಗಾಲ ನನಗೆ ಹೂಂ ಅಂದವನು ರೌನೊ ಸಾರೆಲಾ.

ಬರ್ನಡೀನಳ ಕೆಫೆಯಲ್ಲಿ ನಾನು ಹೇಳುತ್ತಿದ್ದೆ: ಆ ವರ್ಷ ಎಂಥಾ ಚಳಿ ಅಂದರೆ, ಮೀನು ಹಿಡಿದು ಮನೆಗೆ ಹೊರಟರೆ ಕಾಲು ಎತ್ತಲಿಕ್ಕೇ ಆಗಲಿಲ್ಲ, ನೋಡಿದರೆ ನನ್ನ ನೆರಳು ಮಂಜುಗಡ್ಡೆಗೆ ಅಂಟಿಕೊಂಡುಬಿಟ್ಟಿದೆ, ಉಳಿಯಲ್ಲಿ ಸುತ್ತಲೂ ಕೆತ್ತಿ, ಎಬ್ಬಿಸಿ, ಜಾರುಬಂಡಿ ಮೇಲೆ ಹಾಕಿಕೊಂಡು ಬಂದು ಒಲೆ ಮುಂದೆ ಹರವಿದೆ. ಎಲ್ಲರೂ ರೌನೊನ ಕಡೆ ತಿರುಗುತ್ತಿದ್ದರು. ಅವನು ಕಾಫಿ ಲೋಟ ಕೆಳಗಿಟ್ಟು, ಬಾಯಿ ಒರೆಸಿಕೊಂಡು, "ಹೂಂ. ಬಂಡಿ ನಂದೇ" ಅನ್ನುತ್ತಿದ್ದ. ಅಷ್ಟೇ.

ಇನ್ನೊಮ್ಮೆ, ಒಂದು ಪೈಕ್ ಮೀನು ಗಾಳ ಕಚ್ಚಿ ನಮ್ಮಿಬ್ಬರನ್ನೂ ಗುಡಿಸಲು ಸಮೇತ ಕೆನಡಾ ಗಡಿಯವರೆಗೆ ಎಳೆದುಕೊಂಡು ಹೋಯಿತು, ಅಲ್ಲಿ ಅಧಿಕಾರಿ ಬಂದು ಕಾಗದಪತ್ರ ತೋರಿಸಿ ಅಂದ ಅಂತ ನಾನು ಹೇಳಿದೆ. ರೌನೊ ಹೂಂ ಅಂದು, ನನ್ನ ಕಡೆ ಬೊಟ್ಟು ಮಾಡಿ, "ಮೀನಿನ ಹತ್ರ ಇತ್ತು. ವೆಂಡೆಲ್ ಹತ್ರ ಇರ್ಲಿಲ್ಲ" ಅಂದ. ಬರ್ನಡೀನ್ ನಗುತ್ತಾ ಕಾಫಿ ಮೇಜಿನ ಮೇಲೇ ಸುರಿದಳು.

ಯಾರೂ ನಂಬುತ್ತಿರಲಿಲ್ಲ, ಸರಿ. ಆದರೆ ಸುಳ್ಳು ಅಂತ ಮುಖದ ಮೇಲೆ ಹೇಳಲಿಕ್ಕೂ ಯಾರಿಗೂ ಆಗುತ್ತಿರಲಿಲ್ಲ. ಯಾಕೆಂದರೆ ಅಲ್ಲಿ ಒಬ್ಬ ಸಾಕ್ಷಿ ಕೂತಿದ್ದ. ನನ್ನ ಮಾತಿಗೆ ಊರಲ್ಲಿ ಎಷ್ಟು ಬೆಲೆಯಿತ್ತೋ ಅಷ್ಟೂ ರೌನೊನ ಗಂಟಲಲ್ಲಿತ್ತು.

ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲೆ ಕೂತು ಗಾಳ ಹಾಕುವ ನಮ್ಮ ಹಳೇ ಮೀನುಗುಡಿಸಲು ಕೊಳೆತು ಹೋದ ಮೇಲೆ ಹೊಸದನ್ನು ನಾವೇ ಕಟ್ಟೋಣ ಅಂದುಕೊಂಡೆವು. ಈಗಿನವರ ಹಾಗೆ ಚಕ್ರದ ಮನೆ. ಪಿಕಪ್ಪಿಗೆ ಸಿಕ್ಕಿಸಿ ರಸ್ತೆಯ ಮೇಲೆ ಎಳೆದುಕೊಂಡು ಹೋಗಿ, ಕೆರೆಯ ಮಂಜುಗಡ್ಡೆಯ ಮೇಲೆ ನಿಲ್ಲಿಸಿ, ಚಕ್ರ ಮೇಲೆತ್ತಿ ನೆಲಕ್ಕೆ ಕೂರಿಸುವಂಥದ್ದು. ಒಳಗೆ ಒಲೆ, ಎರಡು ಮಂಚ, ಗಾಳ ಇಳಿಸಲಿಕ್ಕೆ ನೆಲದಲ್ಲಿ ಎರಡು ತೂತು. ನನ್ನ ಹೆಂಡತಿ ಮಾರ್ಲಿಸಳ ಅಪ್ಪ ಬಿಟ್ಟುಹೋದ ಹಳೇ ಪ್ರವಾಸದ ಗಾಡಿಯೊಂದು ನಮ್ಮ ಶೆಡ್ಡಿನಲ್ಲಿತ್ತು. ಮೇಲಿನದ್ದೆಲ್ಲ ಕಿತ್ತೆಸೆದು ಅಡಿಯ ಕಬ್ಬಿಣದ ಚೌಕಟ್ಟು ಉಳಿಸಿಕೊಂಡೆವು.

ರಸ್ತೆಗೆ ಇಳಿಯುವುದಾದರೆ ಸರ್ಕಾರಕ್ಕೆ ಅದು ಮನೆಯಲ್ಲ, ಟ್ರೇಲರ್. ರೌನೊ ಕೌಂಟಿ ಕಚೇರಿಗೆ ಹೋಗಿ, ಎಲ್ಲ ಕೇಳಿಕೊಂಡು, ಎಲ್ಲ ತಲೆಯಲ್ಲಿ ತುಂಬಿಕೊಂಡು ಬಂದ.

"ಮನೇಲಿ ಮಾಡಿದ ಗಾಡಿ ಅಂತ ಅವರೇ ಒಂದು ನಂಬರ್ ಕೊಡ್ತಾರಂತೆ, ಅದನ್ನ ಚೌಕಟ್ಟಿಗೆ ಕೂರಿಸ್ಬೇಕು," ಅಂದ. "ಹಿಂದೆ ಲೈಟು. ತಿರುಗೋ ಲೈಟು. ಸರಪಳಿ ಎರಡು. ತೂಕ ಜಾಸ್ತಿ ಆಗತ್ತೆ ನಮ್ದು, ಅದಕ್ಕೆ ಬ್ರೇಕೂ ಬೇಕು. ಕೆರೆ ಮೇಲೆ ನಿಲ್ಲಿಸಿದಾಗ ಕತ್ತಲಲ್ಲಿ ಹೊಳೆಯೋ ಪಟ್ಟಿ. ಹೊರಗಡೆ ಗೋಡೆ ಮೇಲೆ ಹೆಸರು."

"ಮೀನು ಹಿಡಿಯೋಕ್ಕೇನಯ್ಯಾ ಇದು, ಇಲ್ಲಾ ವಿಮಾನ ಹಾರ್ಸೋಕ್ಕಾ?"

"ಅಗಲ ಎಂಟೂವರೆ ಅಡಿ ದಾಟ್‌ಬಾರದು."

"ದಾಟಲ್ಲ ಬಿಡು."

ಕೆಲಸ ಹಂಚಿಕೊಂಡೆವು. ಅಡಿಯದ್ದೆಲ್ಲ ರೌನೊನದ್ದು, ಮೇಲಿನದ್ದೆಲ್ಲ ನನ್ನದು. ಅವನು ಬ್ರೇಕು ಕೂರಿಸಿದ, ವೈರು ಎಳೆದ, ಒಂದೊಂದು ಲೈಟನ್ನೂ ಹತ್ತು ಸಲ ಹಚ್ಚಿ ಆರಿಸಿ ನೋಡಿದ. ನಾನು ಮನೆ ಕಟ್ಟಿದೆ.

ಮೀನಿನವರು ಮನೆ ಕಟ್ಟುವ ರೀತಿಯೇ ಬೇರೆ. ಬೇರೆಯವರು ಗೋಡೆಯಿಂದ ಶುರುಮಾಡುತ್ತಾರೆ, ನಾವು ತೂತಿನಿಂದ. ಮೊದಲು ಸೀಮೆಸುಣ್ಣದಲ್ಲಿ ನೆಲದ ಮೇಲೆ ತೂತು ಬರೆಯಬೇಕು. ಅದರ ಮುಂದೆ ಸ್ಟೂಲು ಹಾಕಿ ಕೂರಬೇಕು, ದಪ್ಪ ಬೂಟು ಹಾಕಿಕೊಂಡೇ. ಮಂಡಿ ಎಲ್ಲಿ ಬರುತ್ತದೆ, ಗಾಳ ಎತ್ತಿದರೆ ಮೊಣಕೈ ಎಲ್ಲಿಗೆ ತಾಕುತ್ತದೆ, ಬೆನ್ನು ಒರಗಲಿಕ್ಕೆ ಎಷ್ಟು ಜಾಗ ಬೇಕು ಅಂತ ನೋಡಿ, ಅಲ್ಲಿ ಗೋಡೆ ಎಬ್ಬಿಸಬೇಕು. ರೌನೊನ ಕಾಲು ಕೊಕ್ಕರೆಯದ್ದು. ಅವನನ್ನು ಅವನ ತೂತಿನ ಮುಂದೆ ಕೂರಿಸಿ, ಆ ಕಾಲು ಚಾಚಲಿಕ್ಕೆ ಆಗುವ ಹಾಗೆ ಅವನ ಕಡೆಯ ಗೋಡೆಯನ್ನು ಚೌಕಟ್ಟಿನಿಂದ ಆಚೆಗೆ ತಳ್ಳಿದೆ. ನನ್ನ ಕಡೆ ಅಷ್ಟು ತಳ್ಳಲಿಲ್ಲ. ಮುಗಿದ ಮೇಲೆ ಟೇಪು ಹಿಡಿದರೆ, ಗೋಡೆಯಿಂದ ಗೋಡೆಗೆ ಎಂಟೂವರೆ ಅಡಿ, ಕೂದಲೆಳೆಯಷ್ಟೂ ಹೆಚ್ಚಿಲ್ಲ.

"ನೋಡಯ್ಯಾ," ಅಂದೆ. "ಕಾನೂನಿಗೆ ಹೊಲಿಸಿದ ಹಾಗಿದೆ."

ರೌನೊ ಬಾಗಿಲಲ್ಲಿ ನಿಂತು ನೋಡಿದ. "ಅದು ಒಳಗಿಂದ."

"ನಾವು ಕೂರೋದು ಒಳಗೇ ಅಲ್ವಾ?"

"ಅವರು ಅಳೆಯೋದು ಹೊರಗಿಂದ ಕಣೋ. ಗೋಡೆ ದಪ್ಪ, ಮೇಲೆ ತಗಡು, ಆಮೇಲೆ ಲೈಟು ಬೇರೆ ಆಚೆ ಚಾಚಿದೆ."

"ಹೊರಗಡೆ ಇರೋದೆಲ್ಲ ಗಾಳಿಗೆ ಸೇರಿದ್ದು. ಗಾಳಿ ಏನಾದ್ರೂ ದೂರು ಕೊಡ್ತಾ?"

ಅವನು ತಲೆ ಕೆರೆದುಕೊಂಡು ತನ್ನ ವೈರಿನ ಕೆಲಸಕ್ಕೆ ಹೋದ. ನಾನು ಕೆಂಪು ಬಣ್ಣ ತಂದು ಹೆಸರು ಬರೆದೆ, ನನ್ನ ಕಡೆಯ ಗೋಡೆಗೆ ನನ್ನದು, ಅವನ ಕಡೆಯ ಗೋಡೆಗೆ ಅವನದು. ಕಾನೂನು ಕೇಳಿದ್ದಕ್ಕಿಂತ ಎರಡರಷ್ಟು ದೊಡ್ಡ ಅಕ್ಷರ. ಅವನ ಹೆಸರನ್ನು ಹೆಚ್ಚು ಚೆನ್ನಾಗಿ ಬರೆದೆ, ನಿಜ ಹೇಳಬೇಕೆಂದರೆ.

ಹಿಮ ಬೀಳುವ ಮೊದಲು ಒಮ್ಮೆ ಎಳೆದು ನೋಡೋಣ ಅಂತ ಹಳ್ಳಿ ರಸ್ತೆಗೆ ತೆಗೆದೆವು. ಮನೆ ಹಂಸದ ಹಾಗೆ ಬಂತು. ಡೆಲ್ಫೀನ್ ಅಜ್ಜಿಯ ಮನೆ ತಿರುವಿನಲ್ಲಿ ಟಣ್ ಅಂತ ಒಂದು ಸದ್ದಾಯಿತು. ಕನ್ನಡಿಯಲ್ಲಿ ನೋಡಿದರೆ ಅವಳ ಅಂಚೆ ಡಬ್ಬಿ ಕಂಬದ ಸಮೇತ ಚರಂಡಿಯಲ್ಲಿ ಮಲಗಿದೆ.

"ವೆಂಡೆಲ್, ಇದನ್ನ ಕುಯ್ದು ಸರಿ ಮಾಡೋಣ," ಅಂದ ರೌನೊ. "ಬರ್ಚ್ ತೊರೆ ಸೇತುವೆ ಈ ತಿರುವಿಗಿಂತ ಇಕ್ಕಟ್ಟು."

ಮಾರನೇ ದಿನ ಕೆಫೆಯಲ್ಲಿ ನಾನು ಹೇಳಿದ್ದು ಇಷ್ಟು: ಡೆಲ್ಫೀನ್ ಅಜ್ಜಿಗೆ ಕಾಗದ ಬಂದು ಬಹಳ ಕಾಲವಾಗಿತ್ತು, ಪಾಪ ಆ ಡಬ್ಬಿ ಹಸಿದಿತ್ತು, ನಮ್ಮ ಮನೆಯ ಗೋಡೆಯ ಮೇಲೆ ಇಷ್ಟು ದೊಡ್ಡ ಅಕ್ಷರ ಕಂಡು ತನಗೇ ಕಾಗದ ಬಂತು ಅಂತ ರಸ್ತೆಗೆ ಹಾರಿತು. ಆಮೇಲೆ ರೌನೊ ಅಳತೆಪಟ್ಟಿ ಹಿಡಿದು ಹೇಗೆ ಬೆವರಿದ ಅಂತಲೂ ಸೇರಿಸಿದೆ. ಹೆಂಡತಿಯನ್ನು ಅಪ್ಪಿಕೊಳ್ಳುವ ಮೊದಲೂ ಇವನು ಅಗಲ ಅಳೆಯುತ್ತಾನೆ ಅಂದೆ. ಎಲ್ಲರೂ ರೌನೊನ ಕಡೆ ತಿರುಗಿದರು.

"ಹೂಂ," ಅಂದ ರೌನೊ. "ಹೊರಗಿಂದ."

ಎಂಥಾ ನಗು ಅಂತೀರಿ. ಅವತ್ತಿನಿಂದ ಅವನಿಗೆ ಟೇಪು ರೌನೊ ಅಂತಲೇ ಹೆಸರು ಬಿತ್ತು. ಬರ್ನಡೀನ್ ಅವನ ತಟ್ಟೆಯ ಪಕ್ಕ ಚಮಚದ ಬದಲು ಟೇಪು ಇಡುತ್ತಿದ್ದಳು, ಪ್ಯಾನ್‌ಕೇಕ್ ಅಳೆದುಕೊಂಡು ತಿನ್ನು ಅಂತ. ಅವನೂ ನಗುತ್ತಿದ್ದ. ಅಜ್ಜಿಯ ಡಬ್ಬಿಗೆ ಹೊಸ ಕಂಬ ನೆಟ್ಟು ಬಂದವನು ಅವನೇ ಅಂತ ನನಗೆ ಮಾರ್ಲಿಸ್ ಹೇಳಿದ್ದು ಎಷ್ಟೋ ದಿನದ ಮೇಲೆ.

ಕೆರೆ ಗಟ್ಟಿಯಾಯಿತು. ಭಾರದ ಗಾಡಿ ಇಳಿಸಬಹುದು ಅಂತ ಸುದ್ದಿ ಬಂತು. ಒಂದು ಶನಿವಾರ ಬೆಳಿಗ್ಗೆ ಹೊರಡುವುದು ಅಂತಾಯಿತು. ರೌನೊ ತಿಂಡಿಗೆ ನಮ್ಮ ಮನೆಗೇ ಬಂದ. ಮಾರ್ಲಿಸ್ ಅವನಿಗೆ ಇಷ್ಟ ಅಂತ ಲಿಂಗನ್‌ಬೆರಿ ಜಾಮು ತೆಗೆದಿದ್ದಳು. ಎರಡು ಸಲ ಹಾಕಿಸಿಕೊಂಡ, ಈ ವರ್ಷದ್ದು ಚೆನ್ನಾಗಿದೆ ಅಂದ. ಆಮೇಲೆ ಹೊರಗೆ ಹೋಗಿ ಸರಪಳಿ ಸಿಕ್ಕಿಸಿದ, ನನ್ನ ಕೈಲಿ ಲೈಟು ಹಾಕಿಸಿ ಹಿಂದೆ ನಿಂತು ನೋಡಿದ. "ಎಡಗಡೆ ಸರಿ," ಅಂದ. "ಬಲಗಡೆ ಸರಿ. ಬ್ರೇಕು ಸರಿ." ಕೈ ಉಜ್ಜಿಕೊಂಡು ನನ್ನ ಪಕ್ಕ ಹತ್ತಿ ಕೂತ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಆಮೇಲೆ ನನ್ನನ್ನು ಕೊರೆದದ್ದು ಇವೇ: ಜಾಮು, ಎಡಗಡೆ ಸರಿ, ಬಲಗಡೆ ಸರಿ.

ಬರ್ಚ್ ತೊರೆಯ ಸೇತುವೆಗೆ ಮುಂಚೆ, ಲುಥೆರನ್ ಚರ್ಚಿನ ಎದುರು, ಪೊಲೀಸ್ ಗಾಡಿ ನಿಂತಿತ್ತು. ಆ ಜಾಗದಲ್ಲಿ ನನ್ನ ಜನ್ಮದಲ್ಲಿ ಪೊಲೀಸಿನವರು ನಿಂತದ್ದಿಲ್ಲ. ಅಲ್ಲಿ ನಿಂತರೆ ಸಿಗುವುದು ಜಿಂಕೆ ಮಾತ್ರ. ಡೆಪ್ಯುಟಿ ಜನೆಲ್ ವುಕೆಲಿಚ್ ಕೆಳಗಿಳಿದು ಕೈ ಅಡ್ಡ ಹಿಡಿದಳು. ಇನ್ನೊಂದು ಕೈಯಲ್ಲಿ ಟೇಪು ಆಗಲೇ ಇತ್ತು.

"ಏನ್ ವೆಂಡೆಲ್, ಅರಮನೆ ಎಲ್ಲಿಗೆ ಹೊರಡ್ತು?"

"ಕೆರೆಗಮ್ಮಾ. ಮೀನುಗಳು ಬ್ಯಾಂಡ್ ಬಾರಿಸ್ತಾ ಕಾಯ್ತಾ ಇವೆ. ತಡ ಆದ್ರೆ ಬೇಜಾರ್ ಮಾಡ್ಕೋತವೆ."

"ಸ್ವಲ್ಪ ಹೊತ್ತು ಬಾರಿಸ್ಲಿ."

ಅವಳು ಸುತ್ತು ಹಾಕಿದಳು. ನಂಬರು ನೋಡಿದಳು, ಲೈಟು ಹಾಕಿಸಿದಳು, ಸರಪಳಿ ಎಳೆದು ನೋಡಿದಳು, ಎಲ್ಲಕ್ಕೂ ತಲೆಯಾಡಿಸಿದಳು. ಕೊನೆಗೆ ಹಿಂದೆ ಹೋಗಿ ಟೇಪು ಹಿಡಿದಳು. ತಿರುಗಿ ನನ್ನ ಕಿಟಕಿಗೆ ಬಂದಳು.

"ಒಂಬತ್ತೂವರೆ ಅಡಿ ದಾಟ್ಬಿಟ್ಟಿದೆಯಲ್ಲಪ್ಪಾ."

"ಅದು ತಗಡು ಕಣಮ್ಮಾ. ಚಳಿಗೆ ಹಿಗ್ಗಿದೆ."

"ಚಳಿಗೆ ಕುಗ್ಗುತ್ತೆ ವೆಂಡೆಲ್."

"ಬೇರೆಯವರ ತಗಡು ಕುಗ್ಗುತ್ತೆ. ಇದು ರೌನೊ ತಂದಿದ್ದು, ಫಿನ್‌ಲ್ಯಾಂಡ್ ರಕ್ತ ಇರೋ ತಗಡು. ಚಳಿ ಬಂತು ಅಂದ್ರೆ ಎದೆ ಉಬ್ಬಿಸುತ್ತೆ. ಕೆರೆ ಮೇಲೆ ನಿಲ್ಲಿಸಿ ಒಲೆ ಹಚ್ಚಿದ್ರೆ ತನ್ನಷ್ಟಕ್ಕೆ ಎಂಟೂವರೆಗೆ ಬರತ್ತೆ. ಕಟ್ಟಿ ಮುಗಿಸಿದ ದಿನ ಅಳೆದಿದ್ದೀವಿ, ಸರಿಯಾಗಿ ಎಂಟೂವರೆ. ಬೇಕಾದ್ರೆ ಇವನನ್ನೇ ಕೇಳು."

ಜನೆಲ್ ಬಗ್ಗಿ ನನ್ನನ್ನು ದಾಟಿ ಆ ಕಡೆ ನೋಡಿದಳು. ಅವಳ ತುಟಿಯಲ್ಲೂ ನಗು ಇತ್ತು. ಅವಳ ಅಪ್ಪನೂ ಆ ಕೆಫೆಯಲ್ಲಿ ಕೂತವನೇ.

"ಹೌದಾ ರೌನೊ?"

ನಾನು ಹೂಂಗೆ ಜಾಗ ಬಿಟ್ಟೆ. ಮೂವತ್ತು ವರ್ಷದ ಅಭ್ಯಾಸ, ಎಷ್ಟು ಹೊತ್ತು ಬಿಡಬೇಕು ಅಂತ ಗೊತ್ತು. ಆ ಹೊತ್ತು ಮುಗಿಯಿತು. ರೌನೊ ತನ್ನ ಕೈಗವಸಿನ ಹೆಬ್ಬೆರಳನ್ನು ನೋಡುತ್ತಾ ಕೂತಿದ್ದ.

"ಇಲ್ಲ," ಅಂದ. "ಹೊರಗಿಂದ ಅಳೆದೇ ಇಲ್ಲ. ಇದು ಮೊದಲಿಂದ್ಲೂ ಜಾಸ್ತಿನೇ."

ಮಂಜಿನ ಮೇಲೆ ನಡೆಯುವಾಗ ಕೆಲವು ಸಲ ಕಾಲ ಕೆಳಗೆ ಧಡ್ ಅಂತ ಬಿರುಕು ಓಡುತ್ತದೆ. ಬೀಳುವುದಿಲ್ಲ, ಆದರೆ ಜೀವ ಒಂದು ಸಲ ಬಾಯಿಗೆ ಬಂದು ಹೋಗುತ್ತದೆ. ಅವತ್ತು ಹಾಗಾಯಿತು, ಒಂದೇ ವ್ಯತ್ಯಾಸ, ಬಂದ ಜೀವ ವಾಪಸ್ಸು ಹೋಗಲಿಲ್ಲ. ಜನೆಲಳ ನಗು ಆರಿತು. ಅವಳಿಗೇ ಮುಜುಗರವಾಯಿತು ಅಂತ ಕಾಣುತ್ತದೆ, ಟೇಪನ್ನು ಸುಮ್ಮನೆ ಎಳೆದು ಬಿಟ್ಟು ಮಾಡಿದಳು.

"ಸೇತುವೆ ದಾಟಿಸೋಕ್ಕೆ ಬಿಡಲ್ಲ, ವಾಪಸ್ ರಸ್ತೇಲಿ ಎಳೆಯೋಕ್ಕೂ ಬಿಡಲ್ಲ," ಅಂದಳು. "ಚರ್ಚಿನ ಅಂಗಳದಲ್ಲಿ ನಿಲ್ಸಿ. ಅಲ್ಲೇ ಸರಿಮಾಡ್ಕೊಳಿ. ಆದಮೇಲೆ ಕರೀರಿ, ಬಂದು ನೋಡ್ತೀನಿ. ದಂಡ ಗಿಂಡ ಏನೂ ಬರೆಯಲ್ಲ."

ಮನೆಯನ್ನು ಅಂಗಳದಲ್ಲಿ ಕಳಚಿಟ್ಟು ಬರೀ ಪಿಕಪ್ಪಿನಲ್ಲಿ ಹಿಂದಿರುಗಿದೆವು. ರೌನೊ ಹೂಂ ಅನ್ನದೆ ಇದ್ದದ್ದನ್ನು ನಾನು ಹೇಗೋ ನುಂಗಿಕೊಳ್ಳಲು ನೋಡಿದೆ. ಪೊಲೀಸು ನೋಡಿ ಹೆದರಿದ ಅಂದುಕೊಂಡೆ. ಅದರ ಬದಲು ಬೇರೆ ವಿಷಯ ಹಿಡಿದೆ.

"ಯಾರೋ ಚಾಡಿ ಹೇಳಿದಾರೆ," ಅಂದೆ. "ಟೇಪು ಕೈಲೇ ಹಿಡ್ಕೊಂಡಿದ್ಲು ನೋಡ್ದಾ? ಆ ಗ್ಯಾಸ್ ತರೋ ಡ್ವೇನ್ ಇರ್ಬೇಕು, ಅವನ ಗುಡಿಸ್ಲು ನಮ್ದರ ಮುಂದೆ ಕೋಳಿಗೂಡು ಥರ ಕಾಣತ್ತೆ ಅಂತ ಹೊಟ್ಟೆಕಿಚ್ಚು. ಇಲ್ಲಾ ಡೆಲ್ಫೀನ್ ಮುದುಕಿ. ಡಬ್ಬಿಗೆ ಸೇಡು."

"ನಾನೇ ಫೋನ್ ಮಾಡಿದ್ದು," ಅಂದ ರೌನೊ.

ನಾನು ಗಾಡಿಯನ್ನು ಪಕ್ಕಕ್ಕೆ ಹಾಕಿದೆ.

"ಯಾವಾಗ?"

"ನಿನ್ನೆ."

"ನಿನ್ನೆ ಫೋನ್ ಮಾಡಿ, ಇವತ್ತು ನಮ್ಮನೇಲಿ ಜಾಮು ತಿಂದ್ಯಾ?"

ಅವನು ಕೈಗವಸು ಕಳಚಿ ಮಂಡಿಯ ಮೇಲಿಟ್ಟುಕೊಂಡ.

"ಎರಡು ಸಲ ಹಾಕಿಸ್ಕೊಂಡ್ಯಲ್ಲೋ."

"ಚೆನ್ನಾಗಿತ್ತು," ಅಂದ ಅವನು, ಮೆಲ್ಲಗೆ.

"ನನಗೆ ಹೇಳಕ್ಕೇನಾಗಿತ್ತು ನಿನಗೆ?"

ಆಗ ಅವನು ತಿರುಗಿದ. ರೌನೊ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. "ಹೇಳ್ದೆ. ಶೆಡ್ಡಲ್ಲಿ ಹೇಳ್ದೆ. ಡಬ್ಬಿ ಬಿದ್ದಾಗ ಹೇಳ್ದೆ. ಹೇಳಿದಾಗೆಲ್ಲ ನೀನು ಅದನ್ನ ಕಥೆ ಮಾಡ್ದೆ. ಕಥೆ ಮಾಡಿ, ಊರೆದುರಿಗೆ ನನ್ನ ಕೈಲೇ ಹೂಂ ಅನ್ನಿಸ್ದೆ. ನಮ್ಮ ಮಗಳು ಐಲಿ ಸ್ಕೂಲ್ ಬಸ್ ಓಡಿಸ್ಕೊಂಡು ಬರೋದು ಅದೇ ಸೇತುವೆ ಮೇಲೆ ವೆಂಡೆಲ್. ಮಕ್ಕಳನ್ನ ತುಂಬ್ಕೊಂಡು ಬರ್ತಾಳೆ."

"ಇವತ್ತು ಶನಿವಾರ. ಬಸ್ಸೆಲ್ಲಿದೆ?"

"ವಾಪಸ್ ಎಳ್ಕೊಂಡು ಬರೋದೂ ಶನಿವಾರಾನೇನಾ?"

ಇದಕ್ಕೆ ನನ್ನ ಹತ್ತಿರ ಇದ್ದದ್ದು ಒಂದು ಕೆಟ್ಟ ಮಾತು, ಅದನ್ನೇ ಹೇಳಿದೆ. ಅವನನ್ನು ಅವನ ಗೇಟಿನ ಹತ್ತಿರ ಇಳಿಸಿದೆ. ಬಾಗಿಲು ಹಾಕುವಾಗ ಅವನು ಎಂದಿನ ಹಾಗೆ, "ಸೋಮವಾರ ಕೆಫೆಗೆ ಬರ್ತೀಯಲ್ಲಾ?" ಅಂದ. ಗಾಡಿ ಎತ್ತಿಕೊಂಡು ಹೊರಟುಬಿಟ್ಟೆ.

ಸೇತುವೆ ಇಕ್ಕಟ್ಟು, ಒಪ್ಪಿದೆ. ಆದರೆ ಪೊಲೀಸು ಎಲ್ಲಿ ನಿಂತಿರುತ್ತಾಳೆ ಅಂತ ಗೊತ್ತಿದ್ದೂ ಒಬ್ಬ ಮನುಷ್ಯ ನನ್ನ ಪಕ್ಕದಲ್ಲಿ ಕೂತು, ನಾನು ಸೀಟಿ ಹೊಡೆಯುತ್ತಾ ಅಲ್ಲಿಗೇ ಗಾಡಿ ಓಡಿಸುವುದನ್ನು ನೋಡುತ್ತಾ ಬಂದನಲ್ಲ. ಎಡಗಡೆ ಸರಿ, ಬಲಗಡೆ ಸರಿ ಅಂದನಲ್ಲ.

ಭಾನುವಾರ ಪ್ರಾರ್ಥನೆಗೆ ಬಂದವರೆಲ್ಲ ನಮ್ಮ ಮನೆಯನ್ನು ಸುತ್ತು ಹಾಕಿ ನೋಡಿದರು. ಹೊಸ ಚರ್ಚು ಹಳೇದಕ್ಕಿಂತ ಚಿಕ್ಕದಾಯಿತಲ್ಲ ಅಂತ ಯಾರೋ ಪಾದ್ರಿಯನ್ನು ಕೇಳಿದರಂತೆ. ಸೋಮವಾರ ನಾನು ಕೆಫೆಗೆ ಹೋಗಲಿಲ್ಲ. ಗರಗಸ ತೆಗೆದುಕೊಂಡು ಚರ್ಚಿಗೆ ಹೋದೆ. ಮಾರ್ಲಿಸ್ ಜೊತೆಗೆ ಬಂದಳು, ನಾನು ಬೆರಳು ಕುಯ್ದುಕೊಳ್ಳುತ್ತೇನೆ ಅಂತ.

"ಎರಡು ಕಡೆಯಿಂದ್ಲೂ ಸಮ ಕುಯ್ಯಿ," ಅಂದಳು.

"ಕಾನೂನು ಯಾವ ಕಡೆ ಅಂತ ಹೇಳಿಲ್ಲ."

"ವೆಂಡೆಲ್."

"ಒಟ್ಟು ಎಂಟೂವರೆ ಬಂದ್ರೆ ಸಾಕು."

"ಆ ಕಡೆ ಅಷ್ಟೂ ಕುಯ್ದ್ರೆ ಅವನ ತೂತೇ ಇರಲ್ಲವಲ್ಲೋ. ಅವನೆಲ್ಲಿ ಕೂರ್ತಾನೆ?"

ನಾನು ಸೀಮೆಸುಣ್ಣದ ಗೆರೆ ಹಾಕಿದೆ. ಗೆರೆ ಸರಿಯಾಗಿ ರೌನೊನ ತೂತಿನ ನಡುವೆ ಹಾಯಿತು. ಮಾರ್ಲಿಸ್ ಇನ್ನೇನೂ ಹೇಳದೆ ಪಿಕಪ್ಪಿನಲ್ಲಿ ಹೋಗಿ ಕೂತು ರೇಡಿಯೋ ಹಚ್ಚಿದಳು. ಆ ಕೊಕ್ಕರೆ ಕಾಲಿಗೆ ಅಂತ ಆಚೆಗೆ ತಳ್ಳಿದ್ದನ್ನೆಲ್ಲ, ಅವನ ಮಂಚ, ಅವನ ಕಿಟಕಿ, ಅವನು ಒರಗುವ ಗೋಡೆ ಸಮೇತ ಕುಯ್ದು ಕೆಡವಿದೆ. ಗೋಡೆ ಹಿಮದ ಮೇಲೆ ಅಂಗಾತ ಬಿತ್ತು, ಕೆಂಪು ಅಕ್ಷರದ ರೌನೊ ಸಾರೆಲಾ ಆಕಾಶ ನೋಡುತ್ತಾ. ಬಾಯ್ದೆರೆದ ಕಡೆಗೆ ಹೊಸ ಹಲಗೆ ಬಡಿದು, ಬಲಗಡೆಯ ಲೈಟನ್ನು ಹೊಸ ಗೋಡೆಗೆ ಕೂರಿಸಿದೆ. ಅವನು ವೈರಿಗೆಲ್ಲ ಬಣ್ಣ ಬಣ್ಣದ ಗುರುತು ಕಟ್ಟಿಟ್ಟಿದ್ದರಿಂದ ಕಷ್ಟವಾಗಲಿಲ್ಲ. ಅದಕ್ಕೂ ಸಿಟ್ಟು ಬಂತು.

ಜನೆಲ್ ಬಂದು ಟೇಪು ಹಿಡಿದಳು. ಎಂಟೂವರೆಗೆ ಒಂದು ಬೆರಳು ಕಮ್ಮಿ. ಬಾಗಿಲು ತೆಗೆದು ಒಳಗೆ ಇಣುಕಿದಳು.

"ತೂತು ಒಂದೇನಾ?"

"ಎರಡು ಇರ್ಬೇಕು ಅಂತ ಕಾನೂನಿದ್ಯಾ?"

ಅವಳು ನನ್ನ ಮುಖವನ್ನೇ ನೋಡಿದಳು. "ಇಲ್ಲ," ಅಂದಳು. "ಹೋಗ್ಬಾ. ನಿಧಾನ."

ಮಂಜಿನ ಮೇಲೆ ಗಾಡಿ ಇಳಿಸುವಾಗ, ಅದು ಒಡೆದರೆ ಹೊರಗೆ ಹಾರಲಿಕ್ಕೆ ಅಂತ, ಕಿಟಕಿ ಇಳಿಸಿ, ಬೆಲ್ಟು ಬಿಚ್ಚಿ, ಪಕ್ಕದವನು ಬಾಗಿಲನ್ನು ಅರ್ಧ ತೆಗೆದು ಹಿಡಿದು ಮಂಜಿನ ಸದ್ದು ಕೇಳುತ್ತಾ ಬರಬೇಕು. ಅವತ್ತು ಕೇಳಿಸಿಕೊಳ್ಳುವವನಿರಲಿಲ್ಲ. ಓಡಿಸುವವನು ನಾನೇ, ಹೆದರುವವನೂ ನಾನೇ. ಹೇಗೋ ನಮ್ಮ ಹಳೇ ಜಾಗಕ್ಕೆ ಹೋಗಿ ಚಕ್ರ ಎತ್ತಿ ಮನೆ ಕೂರಿಸಿದೆ. ಕೂರಿಸಿದ ಮೇಲೆ ಗೊತ್ತಾಯಿತು, ಒಂದು ಕಡೆಯದ್ದನ್ನೇ ಕುಯ್ದರೆ ಮನೆ ಇನ್ನೊಂದು ಕಡೆಗೆ ವಾಲುತ್ತದೆ ಅಂತ. ಕಾಫಿ ಲೋಟ ಇಟ್ಟರೆ ಮೆಲ್ಲಗೆ ನನ್ನ ಕಡೆಗೆ ನಡೆದು ಬರುತ್ತಿತ್ತು. ಕೊನೆಗೆ ಎರಡು ಮರಳಿನ ಮೂಟೆ ತಂದು ಆ ಕಡೆ ಗೋಡೆಗೆ ಒರಗಿಸಿದೆ. ಮನೆ ನೇರವಾಯಿತು. ಮರಳಿನ ಮೂಟೆಗೆ ಒಂದೆರಡು ಕಥೆ ಹೇಳಿ ನೋಡಿದೆ. ಕೇಳಿಸಿಕೊಂಡಿತು, ಸುಳ್ಳೇನು.

ರೌನೊ ಒಂದು ವಾರ ಬಿಟ್ಟು ಕೆರೆಗೆ ಬಂದ. ಕೆರೆಯ ಮೇಲೆ ಒಬ್ಬರ ಪಕ್ಕ ಇನ್ನೊಬ್ಬರು ಎಷ್ಟು ದೂರದಲ್ಲಿ ಕೂರಬೇಕು ಅನ್ನುವ ಮರ್ಯಾದೆಯೊಂದಿದೆ. ಅವನು ಅದಕ್ಕಿಂತಲೂ ದೂರ, ಕೂಗಿದರೆ ಅರ್ಧ ಕೇಳುವಷ್ಟು ದೂರದಲ್ಲಿ, ಒಂದು ಟಾರ್ಪಾಲಿನ ಡೇರೆ ಹೂಡಿದ. ಗಾಳಿಗೆ ಅಡ್ಡವಾಗಿ ಹಲಗೆಯದ್ದೇನೋ ನಿಲ್ಲಿಸಿದ್ದ. ನಾನು ಕಿಟಕಿ ಒರೆಸಿ ನೋಡಿದೆ. ಕೆಂಪು ಅಕ್ಷರ. ಚರ್ಚಿನ ಅಂಗಳದಿಂದ ಆ ಗೋಡೆಯನ್ನು ತಂದಿದ್ದ. ಹೊರಗಡೆ ಹೆಸರಿರಬೇಕು ಅನ್ನುವ ಕಾನೂನು ಅವನಿಗೆ ಅಲ್ಲಿಗೆ ಆಯಿತು, ಅದೂ ನಾನು ಬರೆದದ್ದೇ. ಇಡೀ ಚಳಿಗಾಲ ನಾನು ಕಿಟಕಿಯಲ್ಲಿ ನೋಡಿದಾಗಲೆಲ್ಲ ಅವನ ಹೆಸರು ಓದಬೇಕಾಗಿತ್ತು.

ಈಗ ಮೀನಿನ ವಿಷಯ. ಇದನ್ನು ಕೇಳಿ ನೀವು ನಗುತ್ತೀರಿ, ನಗಿ.

ಚಳಿಗಾಲ ಮುಗಿಯುತ್ತಾ ಬಂದಿತ್ತು, ಇನ್ನೇನು ಮನೆಗಳನ್ನೆಲ್ಲ ಕೆರೆಯಿಂದ ತೆಗೆಯಬೇಕಾದ ಗಡುವು ಹತ್ತಿರ. ಅವತ್ತು ಕೆರೆಯ ಮೇಲೆ ಒಬ್ಬ ನರಮನುಷ್ಯನೂ ಇರಲಿಲ್ಲ. ರೌನೊನ ಡೇರೆ ಮಡಚಿತ್ತು. ಅವನು ಹೆಂಡತಿಯನ್ನು ಹಲ್ಲಿನ ಡಾಕ್ಟರ ಹತ್ತಿರ ಡುಲುತ್‌ಗೆ ಕರೆದುಕೊಂಡು ಹೋಗಿದ್ದಾನೆ ಅಂತ ಮಾರ್ಲಿಸ್ ಬೆಳಿಗ್ಗೆಯೇ ಹೇಳಿದ್ದಳು. ಮಧ್ಯಾಹ್ನ ಗಾಳ ಕೆಳಗೆ ಹೋಯಿತು. ಜಗ್ಗಲಿಲ್ಲ, ಒದರಲಿಲ್ಲ, ಸುಮ್ಮನೆ ಹೋಯಿತು, ಕೆರೆಯ ತಳವೇ ಎದ್ದು ಹೊರಟ ಹಾಗೆ. ದಾರ ಬಿಟ್ಟೆ, ಎಳೆದೆ, ಮತ್ತೆ ಬಿಟ್ಟೆ. ಕೈ ಮರಗಟ್ಟಿ, ಬಿಸಿಯಾಗಿ, ಮತ್ತೆ ಮರಗಟ್ಟಿತು. ಕೊನೆಗೆ ತೂತಿನಲ್ಲಿ ಒಂದು ತಲೆ ಬಂತು. ತೂತು ತುಂಬಾ ತಲೆಯೇ. ಆಮೇಲೆ ಮೈ ಬಂತು, ಬರುತ್ತಲೇ ಇತ್ತು. ಪೈಕ್. ನೆಲದ ಮೇಲೆ ಮಲಗಿಸಿದರೆ ತಲೆ ನನ್ನ ಬೂಟಿನ ಹತ್ತಿರ, ಬಾಲ ಮರಳಿನ ಮೂಟೆಯ ಹತ್ತಿರ.

ನಮ್ಮ ಕೆರೆಯಲ್ಲಿ ಆ ಅಳತೆಯ ಪೈಕ್ ಇಟ್ಟುಕೊಳ್ಳುವ ಹಾಗಿಲ್ಲ, ಬಿಡಬೇಕು. ಮನೆ ಅಳತೆ ದಾಟಿ ಒಮ್ಮೆ ಸಿಕ್ಕಿಬಿದ್ದವನು ನಾನು, ಈಗ ಮೀನೂ ದಾಟಿತು. ಫೋಟೋ ಹೊಡೆಯಲಿಕ್ಕೆ ಫೋನು ತೆಗೆದೆ, ಚಳಿಗೆ ಸತ್ತಿತ್ತು. ಇಟ್ಟುಕೊಂಡಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು ಅಂತ ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ. ಅದು ಒಂದು ಕಣ್ಣಲ್ಲಿ ನನ್ನನ್ನೇ ನೋಡುತ್ತಿತ್ತು. ತಲೆ ಕೆಳಗೆ ಮಾಡಿ ಬಿಟ್ಟೆ. ಸುಮ್ಮನೆ ಹೋಯಿತು, ಬಂದ ಹಾಗೇ.

ಮಾರನೇ ಬೆಳಿಗ್ಗೆ ಕೆಫೆಗೆ ಹೋದೆ, ತಿಂಗಳುಗಳ ಮೇಲೆ. ಹೇಳದೆ ಇರಲಿಕ್ಕಾಗಲಿಲ್ಲ. ರೌನೊ ತನ್ನ ಹಳೇ ಕುರ್ಚಿಯಲ್ಲಿ ಕೂತಿದ್ದ. ನಾನು ಅವನ ಕಡೆ ನೋಡದೆ ಹೇಳಿದೆ. ಒಂದು ಅಕ್ಷರ ಸೇರಿಸಲಿಲ್ಲ. ಮೀನಿಗೆ ಮಾತು ಬರಿಸಲಿಲ್ಲ, ಗಡಿ ದಾಟಿಸಲಿಲ್ಲ. ಬಂತು, ಬಿಟ್ಟೆ ಅಂದೆ.

"ಅಷ್ಟೇನಾ?" ಅಂದ ಗ್ಯಾಸಿನ ಡ್ವೇನ್. "ಕೆನಡಾಗೆ ಹೋಗ್ಲಿಲ್ವಾ ಈ ಸಲ?"

"ವಯಸ್ಸಾಯ್ತು ಬಿಡು ವೆಂಡೆಲ್ಗೆ," ಅಂದಳು ಬರ್ನಡೀನ್. "ಸುಳ್ಳು ಹೇಳೋದೂ ಮರ್ತುಹೋಗಿದೆ."

"ಸುಳ್ಳಲ್ಲ ಕಣ್ರೀ ಇದು."

ಅದಕ್ಕೆ ಇನ್ನೂ ಜೋರಾಗಿ ನಕ್ಕರು. ಆಗ ರೌನೊ ಲೋಟ ಕೆಳಗಿಟ್ಟ. ಬಾಯಿ ಒರೆಸಿಕೊಂಡ.

"ಹೂಂ," ಅಂದ. "ನಾನು ನೋಡ್ದೆ. ನನ್ನ ಡೇರೆಯಿಂದ. ಬಾಗಿಲು ತೆಗ್ದಿತ್ತು."

ಡ್ವೇನ್ ಫೋರ್ಕು ಹಿಡಿದ ಕೈ ಹಾಗೇ ನಿಲ್ಲಿಸಿದ. ಪೊಲೀಸಿನ ಮುಖಕ್ಕೇ, ತನ್ನ ಸ್ನೇಹಿತನ ಪಕ್ಕದಲ್ಲೇ ಕೂತು, ಇಲ್ಲ ಅಂದ ಮನುಷ್ಯ ರೌನೊ. ಆ ಶನಿವಾರದಿಂದ ಅವನ ಹೂಂಗೆ ಬಂದಿದ್ದ ತೂಕ ಊರಲ್ಲಿ ಪಾದ್ರಿಯ ಮಾತಿಗೂ ಇರಲಿಲ್ಲ. ಬರ್ನಡೀನ್ ನನ್ನ ಕಡೆ ತಿರುಗಿದಳು, ನಗದೆ. "ನಿಜಾನಾ ವೆಂಡೆಲ್? ಅಷ್ಟುದ್ದ ಇತ್ತಾ?" ಅಂದಳು. ನನ್ನ ಜೀವಮಾನದಲ್ಲಿ ಯಾರೂ ನನ್ನನ್ನು ಹಾಗೆ ಕೇಳಿದ್ದಿಲ್ಲ.

ರೌನೊ ನನ್ನನ್ನೇ ನೋಡುತ್ತಿದ್ದ. ಕೊಟ್ಟಿದ್ದೀನಿ, ತಗೋ ಅನ್ನುವ ಹಾಗೆ.

ತೆಗೆದುಕೊಂಡಿದ್ದರೆ ನನ್ನ ಮೀನು ನಿಜ ಅಂತ ನಿಲ್ಲುತ್ತಿತ್ತು. ಹೂಂ ಸಿಗುತ್ತಿತ್ತು, ಕುರ್ಚಿ ಸಿಗುತ್ತಿತ್ತು, ಮುಂದಿನ ವರ್ಷ ಮರಳಿನ ಮೂಟೆ ಹೊರುವ ಕೆಲಸವೂ ತಪ್ಪುತ್ತಿತ್ತು. ನನಗೆ ಬೇಕಾಗಿದ್ದೂ ಅದೇ. ಆದರೆ ನನ್ನ ಸುಳ್ಳಿಗೆ ಹೂಂ ಅನ್ನಬೇಕಾಗಿದ್ದ ದಿನ ಅವನಿಗೆ ನಿಜ ಬೇಕಾಯಿತು. ಇವತ್ತು ನನ್ನ ನಿಜಕ್ಕೆ ಸುಳ್ಳು ತಂದು ಕ್ಷಮಿಸು ಅನ್ನುತ್ತಿದ್ದಾನೆ, ನಿನ್ನೆ ಜಾಮು ತಿಂದ ಅದೇ ಬಾಯಲ್ಲಿ. ಹೌದು, ನಿನ್ನೆಯಲ್ಲ. ನನಗೆ ನಿನ್ನೆಯ ಹಾಗೇ ಇತ್ತು.

"ಇವನು ನಿನ್ನೆ ಅಲ್ಲಿರ್ಲೇ ಇಲ್ಲ," ಅಂದೆ. "ಡುಲುತ್‌ಗೆ ಹೋಗಿದ್ದ. ಹಲ್ಲಿನ ಡಾಕ್ಟರ ಹತ್ರ."

ಎಲ್ಲರೂ ರೌನೊನ ಕಡೆ ತಿರುಗಿದರು. ಆಮೇಲೆ ಡ್ವೇನ್ ಮೇಜು ಬಡಿದುಕೊಂಡು ನಕ್ಕ. ಎಲ್ಲರೂ ನಕ್ಕರು. ಇಬ್ಬರೂ ಸೇರಿ ಮತ್ತೆ ನಮ್ಮನ್ನ ಮಂಗ ಮಾಡಕ್ಕೆ ನೋಡಿದ್ರು ಅಂತ ಬರ್ನಡೀನ್ ಟವೆಲಿನಲ್ಲಿ ರೌನೊನ ಬೆನ್ನಿಗೆ ಹೊಡೆದಳು. ನನ್ನ ಮೀನು ಆ ನಗುವಿನಲ್ಲಿ ಮುಳುಗಿ ಹೋಯಿತು, ಈ ಸಲ ಖಾಯಂ ಆಗಿ.

ರೌನೊ ಎದ್ದ. ಟೋಪಿ ಹಾಕಿಕೊಂಡ, ಕೈಗವಸು ಒಂದೊಂದೇ ಬೆರಳಿಗೆ ಎಳೆದುಕೊಂಡ. ನನ್ನ ಮೇಜಿನ ಪಕ್ಕ ಬಂದು ನಿಂತ. ಬೇರೆ ಯಾರಿಗೂ ಕೇಳಿಸದ ಹಾಗೆ ಕೇಳಿದ.

"ಎಷ್ಟುದ್ದ ಇತ್ತೋ?"

ಹಾಸ್ಯವಿರಲಿಲ್ಲ ಅದರಲ್ಲಿ. ಅವನು ನಂಬಿದ್ದ. ಇಡೀ ಊರಲ್ಲಿ ನಂಬಿದವನು ಅವನೊಬ್ಬನೇ.

ನಾನು ಕೈಗಳನ್ನು ಜೇಬಿನಿಂದ ತೆಗೆಯಲಿಲ್ಲ.